ಹೊಲದ ಕಲ್ಲುಗುಪ್ಪೆಯಲ್ಲಿ ಶಿಲಾಯುಧ ಕಂಡರೆ ಏನು ಮಾಡಬೇಕು?

ಮಧುಗಿರಿ ಸೀಮೆಯಲ್ಲಿ ನಮ್ಮ ಸೋದರಮಾವನ ಹೊಲವಿದೆ. ಅಲ್ಲಿ ಕೃಷಿ ಹೊಂಡ ತೆಗೆಸುವಾಗ ಜೆಸಿಬಿಯ ಬಕೆಟ್ಟು ಒಂದು ಹಳೇ ಕಲ್ಲುಗುಪ್ಪೆಯ ಅಂಚನ್ನು ಬಾಚಿತು. ಮಣ್ಣಿನ ಜತೆ ಅಂಗೈಯಗಲದ ಒಂದು ಕಲ್ಲು ಉರುಳಿ ಬಿತ್ತು. ಕಪ್ಪಿಗೆ ತುಸು ಹಸಿರು ಕಲೆಸಿದಂಥ ಬಣ್ಣ, ಹಿಂದಿನ ತುದಿ ಮೊನಚು, ಮುಂದಿನ ತುದಿ ಬಾಚಿಯ ಬಾಯಿಯ ಹಾಗೆ ಅಗಲ, ನುಣುಪು. ಮಾವ ಅದನ್ನು ಮನೆಗೆ ತಂದು, ತೆಂಗಿನ ನಾರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆದು, ಎಣ್ಣೆ ಸವರಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಯುಗಾದಿಗೆ ಹೋದಾಗ ನನಗೆ ತೋರಿಸಿದರು.

“ಎಲ್ಲಿ ಸಿಕ್ತು ಮಾವ ಇದು?”

“ಅಲ್ಲೇ ಕಣಪ್ಪ, ಹೊಂಡದ ಹತ್ರ.”

“ಗುಪ್ಪೆ ಒಳಗಿತ್ತೋ, ಪಕ್ಕದ ಮಣ್ಣಲ್ಲಿತ್ತೋ? ಎಷ್ಟು ಆಳ್ದಲ್ಲಿ?”

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದನ್ಯಾರು ನೋಡ್ಕಂಡ್ರು? ಮಣ್ಣು ಬಿತ್ತು, ಜತೆಗೆ ಕಲ್ಲೂ ಬಿತ್ತು.”

ಆ ಪ್ರಶ್ನೆಗೆ ಇನ್ನು ಉತ್ತರ ಸಿಗುವುದಿಲ್ಲ. ಆ ಕಲ್ಲು ಹಳೇ ಕಾಲದ ಶಿಲಾಯುಧ, ಕಲ್ಲಿನ ಕೊಡಲಿ. ಕೊಡಲಿ ಉಳಿಯಿತು, ಅದು ಹೇಳಬೇಕಿದ್ದ ಮಾತು ಬಕೆಟ್ಟಿನ ಮಣ್ಣಿನಲ್ಲಿ ಕಲೆಸಿಹೋಯಿತು. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹೊಂಡ, ಲೇಔಟು, ಕ್ವಾರಿ, ನೀಲಗಿರಿ ಬೇರು ಕೀಳುವ ಕೆಲಸ ಅಂತ ದಿನವೂ ಎಲ್ಲೋ ಒಂದು ಕಡೆ ನೆಲ ಅಗೆಯುತ್ತಲೇ ಇರುತ್ತಾರೆ. ಹಾಗಾಗಿ ಇಂಥ ಕಲ್ಲು ನಾಳೆ ನಿಮ್ಮ ಹೊಲದಲ್ಲೂ ಕಾಣಿಸಬಹುದು. ಆಗ ಏನು ಮಾಡಬೇಕು ಅನ್ನುವುದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಎಲ್ಲಿತ್ತು ಅಂತ ಅಷ್ಟು ಕೇಳುವುದೇಕೆ?

ಹಳೇ ಕಲ್ಲುಗುಪ್ಪೆಗಳಲ್ಲಿ ಕೆಲವು ಗೋರಿಗಳು. ಅವು ಹೆಚ್ಚಾಗಿ ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ ಬೃಹತ್ ಶಿಲಾ ಸಂಸ್ಕೃತಿಯ ಜನರವು. ಅವರಿಗೆ ಕಬ್ಬಿಣ ಗೊತ್ತಿತ್ತು. ದಕ್ಷಿಣ ಭಾರತದಲ್ಲಿ ಅವರ ಕಾಲ ಸುಮಾರು ಕ್ರಿ.ಪೂ. 1200ರಿಂದ ಶುರುವಾಗಿ ಕ್ರಿಸ್ತಶಕದ ಮೊದಲ ಶತಮಾನಗಳವರೆಗೂ ಬರುತ್ತದೆ. ಗೋರಿಯೊಳಗೆ ಸಾಮಾನ್ಯವಾಗಿ ಇರುವುದು ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಕತ್ತಿ, ಈಟಿ, ಕೊಡಲಿ, ಕೆಲವೊಮ್ಮೆ ಕೆಂಪು ಮಣಿ. ನಯ ಮಾಡಿದ ಕಲ್ಲಿನ ಕೊಡಲಿ ಅದಕ್ಕೂ ಹಿಂದಿನ ನವಶಿಲಾಯುಗದ್ದು. ಅದು ನಮ್ಮ ಕಡೆ ಸರಿಸುಮಾರು ಕ್ರಿ.ಪೂ. 3000ದಿಂದ 1200ರ ನಡುವಿನ ಕಾಲ. ಹಾಗಿದ್ದ ಮೇಲೆ ಕಬ್ಬಿಣದವರ ಗೋರಿಯೊಳಗೆ ಕಲ್ಲಿನ ಕೊಡಲಿ ಹೇಗೆ ಬಂತು?

ಒಂದು, ಗೋರಿ ಕಟ್ಟುವ ಮೊದಲೇ ಅಲ್ಲೊಂದು ಹಳೇ ಊರಿದ್ದು, ಗೋರಿ ಮುಚ್ಚಲು ತೋಡಿದ ಮಣ್ಣಿನ ಜತೆ ಕೊಡಲಿಯೂ ಬಂದಿರಬಹುದು. ಎರಡು, ಕಬ್ಬಿಣ ಬಂದ ಮೇಲೂ ಜನ ಕಲ್ಲಿನ ಕೊಡಲಿಯನ್ನು ಬಿಡದೆ ಬಳಸಿರಬಹುದು. ಇದು ಬರೀ ಊಹೆಯಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆಸಿ ನೋಡಿದಾಗ, ಕಲ್ಲಿನ ಕೊಡಲಿಯವರ ಕಾಲ ಮತ್ತು ಗೋರಿ ಕಟ್ಟಿದವರ ಕಾಲ ಒಂದರ ಕೊನೆಯ ಭಾಗ ಇನ್ನೊಂದರ ಶುರುವಿನೊಳಗೆ ಬೆರೆತಿರುವುದು ಕಂಡಿತು. ಮೂರನೆಯದು ನನಗೆ ಬಹಳ ಹಿಡಿಸುವ ಸಾಧ್ಯತೆ. ಸತ್ತವರ ಜತೆಗಿರಲಿ ಅಂತ, ಆಗಲೇ ಹಳೆಯದಾಗಿದ್ದ ಒಂದು ಕೊಡಲಿಯನ್ನು ಯಾರೋ ಬೇಕೆಂದೇ ಇಟ್ಟಿರಬಹುದು.

ಕೊಡಲಿ ಮೂಳೆಯ ಪಕ್ಕದಲ್ಲಿ, ಮಡಕೆಗಳ ಸಾಲಿನಲ್ಲಿ ಇತ್ತು ಅಂದರೆ ಒಂದು ಕಥೆ. ಮೇಲಿನ ತುಂಬುಮಣ್ಣಿನಲ್ಲಿ ಬೆಣಚುಕಲ್ಲಿನ ಚೂರುಗಳ ಜತೆ ಇತ್ತು ಅಂದರೆ ಬೇರೆಯೇ ಕಥೆ. ಕೊಡಲಿ ಎರಡರಲ್ಲೂ ಅದೇ. ಕಥೆಯನ್ನು ತೀರ್ಮಾನಿಸುವುದು ಅದು ಕೂತಿದ್ದ ಜಾಗ. ಮುಂದೆ ಹೇಳುವುದೆಲ್ಲ ಆ ಜಾಗದ ಗುರುತನ್ನು ಉಳಿಸಿಕೊಳ್ಳುವ ದಾರಿ.

ಗೋರಿಯೋ, ಹೊಲ ಹಸನು ಮಾಡಿದ ಗುಪ್ಪೆಯೋ?

ನಮ್ಮ ಕಡೆ ಕಲ್ಲುಗುಪ್ಪೆ ಇಲ್ಲದ ಹೊಲವಿಲ್ಲ. ಉಳುವಾಗ ಸಿಕ್ಕ ಕಲ್ಲನ್ನು ಆರಿಸಿ ಬದುವಿನ ಮೇಲೋ ಬಂಡೆಯ ಮೇಲೋ ಒಟ್ಟುವುದು ತಲೆತಲಾಂತರದ ಕೆಲಸ. ಅಂಥ ಗುಪ್ಪೆಯಲ್ಲಿ ಕಲ್ಲುಗಳು ಸಡಿಲವಾಗಿರುತ್ತವೆ, ನಡುವೆ ಮಣ್ಣು ಕಡಿಮೆ. ಒಂದು ಕಲ್ಲು ಎತ್ತಿದರೆ ಕೆಳಗೆ ಓತಿಕ್ಯಾತನಿಗೆ ಓಡಾಡುವಷ್ಟು ಸಂದು. ಆಕಾರವೂ ಅಡ್ಡಾದಿಡ್ಡಿ.

ಗೋರಿಯಾದರೆ ಸುತ್ತ ಒಂದು ಬಳೆಯಿರುತ್ತದೆ. ಒಬ್ಬ ಆಳು ಎತ್ತಲಾರದಂಥ ಗುಂಡುಕಲ್ಲುಗಳನ್ನು ದುಂಡಗೆ ಜೋಡಿಸಿ ಅರ್ಧ ನೆಲದೊಳಗೆ ಹೂತಿರುತ್ತಾರೆ. ಕೆಲವು ಉರುಳಿರಬಹುದು, ಕೆಲವನ್ನು ಯಾರೋ ಮನೆ ಪಾಯಕ್ಕೆ ಒಯ್ದಿರಬಹುದು. ಆದರೂ ನಡುವೆ ನಿಂತು ಸುತ್ತಲೂ ಒಂದು ಸಲ ಕಣ್ಣಾಡಿಸಿದರೆ ಬಳೆ ಕಾಣುತ್ತದೆ. ಒಳಗಿನ ಗುಪ್ಪೆ ತಗ್ಗಾಗಿ, ಮಗುಚಿದ ಬಾಣಲೆಯ ಹಾಗೆ ಉಬ್ಬಿರುತ್ತದೆ. ಕಲ್ಲಿನ ಸಂದಿನಲ್ಲಿ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ನಡುವೆ ಚಪ್ಪಡಿಗಳ ಅಂಚು ನೆಲದಿಂದ ಇಣುಕುತ್ತಿದ್ದರೆ ಕೆಳಗೆ ಕಲ್ಲುಪೆಟ್ಟಿಗೆಯಿದೆ ಎಂದರ್ಥ. ಅಂಥ ಪೆಟ್ಟಿಗೆಯ ಒಂದು ಚಪ್ಪಡಿಯಲ್ಲಿ, ಬಹಳ ಕಡೆ ಪೂರ್ವದ ಚಪ್ಪಡಿಯಲ್ಲಿ, ದುಂಡನೆಯ ಕಂಡಿ ಕೊರೆದಿರುತ್ತಾರೆ. ಊರಿನವರು ಅದನ್ನು ಪಾಂಡವರ ಗುಡಿ, ಮೋರ್ಯರ ಮನೆ ಅಂತ ಕರೆಯುವುದುಂಟು. ಆದ್ದರಿಂದ ನೋಡುವ ಮೊದಲು ಊರಿನ ಹಿರಿಯರನ್ನು ಕೇಳಿ. “ಅಜ್ಜಿ, ಆ ದಿನ್ನೆಗೆ ಏನಂತೀರಿ?” ಅಂತ ಕೇಳಿದರೆ ಎಷ್ಟೋ ಸಲ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಂದು ಗೋರಿ ಇದ್ದಲ್ಲಿ ಸಾಮಾನ್ಯವಾಗಿ ಇನ್ನೂ ಹಲವು ಇರುತ್ತವೆ. ಅಕ್ಕಪಕ್ಕದ ಹೊಲಗಳನ್ನೂ ನೋಡಿ. ತೀರಾ ದೂರದ ಉದಾಹರಣೆ ಬೇಡ. ಕೋಲಾರಕ್ಕೆ ತಾಗಿದ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಇಂಥ ಗೋರಿಗಳನ್ನು 1957ರಲ್ಲಿ ಪುರಾತತ್ವಜ್ಞ ಎಂ. ಶೇಷಾದ್ರಿಯವರು ಶಾಸ್ತ್ರೀಯವಾಗಿ ಅಗೆಸಿದ್ದರು.

ಆಯುಧವೋ, ಒಡೆದ ಚೂರೋ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ತಪ್ಪಾಗುವುದು ಇಲ್ಲೇ.

ನಯಗೊಡಲಿಯನ್ನು ಗುರುತಿಸುವುದು ಸುಲಭ. ಅದಕ್ಕೆ ಬಳಸುತ್ತಿದ್ದದ್ದು ಹೆಚ್ಚಾಗಿ ಕರಿಕಲ್ಲು, ಭೂವಿಜ್ಞಾನದವರು ಡಾಲರೈಟ್ ಅನ್ನುವ ಶಿಲೆ. ನಮ್ಮ ಬಿಳಿ ಬೂದು ಬಂಡೆಗಳ ನಡುವೆ ಕಪ್ಪು ಕಲ್ಲಿನ ಉದ್ದನೆಯ ಏಣು ಹಾದುಹೋಗಿರುವುದನ್ನು ನೋಡಿರುತ್ತೀರಿ, ಅದೇ. ಮೊದಲು ಒಡೆದು ಆಕಾರ ಕೊಟ್ಟು, ಆಮೇಲೆ ಗುಂಡುಕಲ್ಲಿನಿಂದ ಕುಟ್ಟಿ ಏರುತಗ್ಗು ತೆಗೆದು, ಕೊನೆಗೆ ಹಾಸುಬಂಡೆಯ ಮೇಲೆ ನೀರು, ಮರಳು ಹಾಕಿ ಉಜ್ಜಿ ಬಾಯಿ ನಯ ಮಾಡುತ್ತಿದ್ದರು. ಆದ್ದರಿಂದ ಒಂದೇ ಕೊಡಲಿಯಲ್ಲಿ ಮೂರು ಬಗೆಯ ಮೈ ಕಾಣುತ್ತದೆ. ಹಿಂಬದಿಯಲ್ಲಿ ಒಡೆದ ಗುರುತು, ನಡುವೆ ಸಿಡುಬಿನ ಕಲೆಯಂಥ ಕುಟ್ಟಿದ ಚುಕ್ಕಿ, ಬಾಯಲ್ಲಿ ನುಣುಪು. ಬೆರಳು ಸವರಿದರೆ ತಿಳಿಯುತ್ತದೆ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಇಂಥ ಕರಿಕಲ್ಲಿನ ಏಣಿನ ಪಕ್ಕದಲ್ಲೇ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ನಿಮ್ಮ ಊರಿನ ಹಾಸುಬಂಡೆಯ ಮೇಲೆ ದೋಣಿಯಾಕಾರದ ನುಣುಪು ಹಳ್ಳಗಳಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಅಲ್ಲಿ ಯಾರೋ ಕೊಡಲಿ ಉಜ್ಜಿರಬಹುದು.

ಕಷ್ಟವಾಗುವುದು ಬರೀ ಒಡೆದು ಮಾಡಿದ ಆಯುಧಗಳಲ್ಲಿ. ಒಂದು ಕಲ್ಲನ್ನು ಇನ್ನೊಂದರಿಂದ ಅಂಚಿನಲ್ಲಿ ಹೊಡೆದಾಗ ಚಕ್ಕೆ ಏಳುತ್ತದೆ. ಹೊಡೆತ ಬಿದ್ದ ಜಾಗದ ಕೆಳಗೆ ಚಕ್ಕೆಯ ಒಳಮೈ ಕೆನ್ನೆಯ ಹಾಗೆ ಸಣ್ಣಗೆ ಉಬ್ಬಿರುತ್ತದೆ. ಅಲ್ಲಿಂದ ಕೆರೆಗೆ ಕಲ್ಲೆಸೆದಾಗ ಏಳುವ ಅಲೆಯಂಥ ಗೆರೆಗಳು ಹರಡಿರುತ್ತವೆ. ಚಕ್ಕೆ ಎದ್ದುಹೋದ ತಾಯಿಕಲ್ಲಿನ ಮೇಲೆ ಅಷ್ಟೇ ಅಗಲದ ತಗ್ಗು ಉಳಿದಿರುತ್ತದೆ. ಇಂಥ ತಗ್ಗು ಒಂದೆರಡಿದ್ದರೆ ಆಕಸ್ಮಿಕವಾಗಿರಬಹುದು. ಎರಡೂ ಮೈಯಲ್ಲಿ ಅಂಚಿನುದ್ದಕ್ಕೂ ಸಾಲಾಗಿದ್ದು, ಒಂದು ಬಾಯಿ ರೂಪಗೊಂಡಿದ್ದರೆ ಅದು ಮನುಷ್ಯನ ಕೈಕೆಲಸ.

ನಮ್ಮ ಸೀಮೆಯಲ್ಲಿ ಮೋಸ ಮಾಡುವುದು ಬೆಣಚುಕಲ್ಲು. ಅದು ಸುಮ್ಮನೆ ಒಡೆದರೂ ಚೂಪಾಗಿ ಸೀಳುತ್ತದೆ, ಚಕ್ಕೆಯ ಗುರುತುಗಳು ಸರಿಯಾಗಿ ಮೂಡುವುದಿಲ್ಲ. ಟ್ರ್ಯಾಕ್ಟರಿನ ನೇಗಿಲು ತಗುಲಿದರೂ ಚೂರಾಗುತ್ತದೆ. ಆದ್ದರಿಂದ ಒಂದು ಬಿಳಿ ಚೂರು ನೋಡಿ ಹಿಗ್ಗಬೇಡಿ. ಉಗುರಿನುದ್ದದ, ತೆಳ್ಳನೆಯ, ಎರಡು ಅಂಚೂ ಸಮವಾದ ಅಲಗುಗಳು ಒಂದೇ ಕಡೆ ಹತ್ತಾರು ಸಿಕ್ಕರೆ, ಜತೆಗೆ ಅವನ್ನು ಎಬ್ಬಿಸಿದ ಗೆಣ್ಣುಗೆಣ್ಣಾದ ತಾಯಿಕಲ್ಲೂ ಸಿಕ್ಕರೆ, ಆಗ ಸೂಕ್ಷ್ಮ ಶಿಲಾಯುಧಗಳ ಬಗ್ಗೆ ಯೋಚಿಸಬಹುದು. ಕ್ರಷರ್ ಹತ್ತಿರದ ಹೊಲ, ರೈಲು ಹಳಿಯ ಅಂಚು, ಹೊಸ ರಸ್ತೆಯ ಪಕ್ಕ ಸಿಕ್ಕ ಚಕ್ಕೆಗಳನ್ನು ಎರಡು ಪಟ್ಟು ಅನುಮಾನದಿಂದ ನೋಡಿ. ಜಲ್ಲಿ ಒಡೆಯುವಾಗಲೂ ಉಬ್ಬು, ಅಲೆ ಎಲ್ಲ ಮೂಡುತ್ತವೆ. ಹೊಸ ಒಡಕಿಗೆ ಹಸಿ ಬಣ್ಣ ಇರುತ್ತದೆ. ಹಳೆಯ ಒಡಕಿನ ಮೇಲೆ ಕಾಲ ಕಳೆದಂತೆ ಮಂಕು ಪೊರೆ ಕೂತಿರುತ್ತದೆ, ಅಂಚು ಸವೆದಿರುತ್ತದೆ.

ಇನ್ನೂ ಹಿಂದಿನ ಕಾಲದ ದೊಡ್ಡ ಕೈಗೊಡಲಿಗಳೂ ನಮ್ಮ ಜಿಲ್ಲೆಗೆ ಹೊರತಲ್ಲ. ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಹಳೆ ಶಿಲಾಯುಗದ ನೆಲೆಯೆಂದು ಪ್ರಾಗಿತಿಹಾಸ, ಅಂದರೆ ಬರಹ ಬರುವ ಮೊದಲಿನ ಕಾಲದ ಚರಿತ್ರೆ, ಓದಿದವರಿಗೆಲ್ಲ ಗೊತ್ತು. ಈ ಶಾಸ್ತ್ರ ನಮ್ಮ ದೇಶದಲ್ಲಿ ಶುರುವಾದದ್ದೂ ಒಂದು ಗುಂಡಿಯಿಂದಲೇ. 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಜಲ್ಲಿಮಣ್ಣು ತೆಗೆದಿದ್ದ ಗುಂಡಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಒಂದು ಕಲ್ಲಿನ ಆಯುಧ ಸಿಕ್ಕಿತು.

ಮೊದಲ ಒಂದು ಗಂಟೆ

ಯಂತ್ರ ನಿಲ್ಲಿಸಿ. ಇದೇ ಅತಿ ಕಷ್ಟದ ಹೆಜ್ಜೆ, ಯಾಕೆಂದರೆ ಜೆಸಿಬಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರುತ್ತಿರುತ್ತದೆ. ಪೂರ್ತಿ ಕೆಲಸ ನಿಲ್ಲಿಸಲು ಆಗದಿದ್ದರೆ ಹೊಂಡದ ಇನ್ನೊಂದು ಬದಿಗೆ ಹೋಗಲು ಹೇಳಿ. ಗುಪ್ಪೆಯಿಂದ ನಾಲ್ಕೈದು ಮಾರು ದೂರ ಬಿಟ್ಟರೂ ಎಷ್ಟೋ ಉಳಿಯುತ್ತದೆ.

ಮಣ್ಣಿನಲ್ಲಿ ಇನ್ನೂ ಹೂತಿರುವ ಯಾವುದನ್ನೂ ಕೀಳಬೇಡಿ. ಅರ್ಧ ಕಾಣುತ್ತಿರುವ ಮಡಕೆಯನ್ನು ನೋಡಿದಾಗ ಬೆರಳು ತಾನಾಗಿ ಕೆದಕಲು ಹೋಗುತ್ತದೆ. ತಡೆಯಿರಿ. ಮಡಕೆಯೊಳಗಿನ ಮಣ್ಣಿನಲ್ಲಿ ಕಾಳು, ಇದ್ದಿಲು, ಮೂಳೆಯ ಪುಡಿ ಇರಬಹುದು. ಇದ್ದಿಲಿನಿಂದ ಕಾಲ ಲೆಕ್ಕ ಹಾಕುತ್ತಾರೆ. ಮಣ್ಣಿನಿಂದಲೂ ಹಾಕುತ್ತಾರೆ. ಕತ್ತಲಲ್ಲಿ ಹೂತಿರುವ ಮರಳಿನ ಕಣ ವರ್ಷ ವರ್ಷವೂ ಸುತ್ತಲಿನ ಸಹಜ ವಿಕಿರಣದಿಂದ ಚೂರುಚೂರೇ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಅಳೆದು, ಆ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಹೇಳುತ್ತಾರೆ. ನೀವು ಅಗೆದು ಬಿಸಿಲಿಗೆ ಹರಡಿದರೆ ಆ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ.

ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ, ಅರಿಶಿನ ಕುಂಕುಮವೂ ಬೇಡ. ಮಾವನಿಗೆ ಇದನ್ನು ಹೇಳುವಾಗ ನನಗೆ ಕಷ್ಟವಾಯಿತು, ಅವರು ಭಕ್ತಿಯಿಂದ ಮಾಡಿದ ಕೆಲಸ ಅದು. ಆದರೆ ಆಯುಧದ ಬಾಯಿಗೆ ಅಂಟಿದ ಮಣ್ಣಿನಲ್ಲಿ ಅದು ಕಡಿದ ಗಿಡದ, ಹೆರೆದ ತೊಗಲಿನ ಸೂಕ್ಷ್ಮ ಗುರುತು ಉಳಿದಿರಬಹುದು. ನಾರು ಹಾಕಿ ಒಂದು ಸಲ ತಿಕ್ಕಿದರೆ ಅದು ಹೋಯಿತು.

ಜೆಸಿಬಿ ಆಗಲೇ ಎತ್ತಿ ಹಾಕಿದ್ದನ್ನು ಏನು ಮಾಡುವುದು? ಅದನ್ನು ತೆಗೆದಿಡಬಹುದು. ಒಂದೊಂದನ್ನೂ ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿ ಇಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಕಬ್ಬಿಣ, ಮೂಳೆ ಎರಡೂ ಕೆಡುತ್ತವೆ. ಯಾವ ಮಣ್ಣಿನ ರಾಶಿಯಿಂದ ಬಂತು, ಆ ರಾಶಿಯನ್ನು ಎಲ್ಲಿಂದ ಎತ್ತಿದ್ದು ಅಂತ ಪೆನ್ಸಿಲಿನಲ್ಲಿ ಬರೆದು ಜತೆಗಿಡಿ. ಯಂತ್ರ ಓಡಿಸಿದ ಹುಡುಗನಿಗೆ ಇದು ಎಲ್ಲರಿಗಿಂತ ಚೆನ್ನಾಗಿ ನೆನಪಿರುತ್ತದೆ. ಅವನು ಹೊರಡುವ ಮೊದಲೇ ಕೇಳಿಬಿಡಿ.

ದಾಖಲೆ

ಮೊಬೈಲು ಸಾಕು. ಮೊದಲು ದೂರದಿಂದ, ಗುಡ್ಡ, ಮರ, ಬಾವಿ ಯಾವುದಾದರೂ ಒಂದು ಗುರುತು ಸಿಗುವಂತೆ ಪೂರ್ತಿ ಗುಪ್ಪೆಯ ಫೋಟೋ ತೆಗೆಯಿರಿ. ಆಮೇಲೆ ನಾಲ್ಕು ದಿಕ್ಕಿನಿಂದ. ಕೊನೆಗೆ ಹತ್ತಿರದಿಂದ, ಪಕ್ಕದಲ್ಲಿ ಅಳತೆಗೆ ಏನಾದರೂ ಇಟ್ಟು. ಸ್ಕೇಲ್ ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ಇಡಿ, ಅದರ ಅಡ್ಡಗಲ 27 ಮಿಲಿಮೀಟರ್. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ನೆಲದ ಉಬ್ಬುತಗ್ಗು, ಕಲ್ಲಿನ ಚಕ್ಕೆಗುರುತು ಎದ್ದು ಕಾಣುತ್ತವೆ. ನಡುಹಗಲಲ್ಲಿ ಎಲ್ಲವೂ ಚಪ್ಪಟೆ.

ಮೊಬೈಲಿನ ನಕ್ಷೆಯಲ್ಲಿ ಗುಪ್ಪೆಯ ನಡುವೆ ನಿಂತು ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಸರ್ವೇ ನಂಬರ್, ಊರು, ಹೋಬಳಿ, ತಾಲ್ಲೂಕು ಸೇರಿಸಿ. ಬಳೆಯ ಅಡ್ಡಗಲ ಟೇಪಿನಲ್ಲಿ ಅಳೆಯಿರಿ, ಇಲ್ಲದಿದ್ದರೆ ಹೆಜ್ಜೆ ಲೆಕ್ಕ. ಹೊಂಡದ ಗೋಡೆಯಲ್ಲಿ ಮಣ್ಣಿನ ಬಣ್ಣ ಎಲ್ಲಿ ಬದಲಾಗಿದೆ, ಮೇಲಿನಿಂದ ಎಷ್ಟು ಅಡಿಗೆ ಮಡಕೆ ಚೂರು ಕಾಣುತ್ತಿದೆ, ಇದನ್ನು ಒಂದು ಹಾಳೆಯಲ್ಲಿ ಗೀಚಿದರೂ ಸಾಕು. ಚಿತ್ರ ಚೆನ್ನಾಗಿರಬೇಕಾಗಿಲ್ಲ, ಉತ್ತರ ದಿಕ್ಕು ಯಾವ ಕಡೆ ಅಂತ ಬಾಣ ಹಾಕಿರಬೇಕು.

ಮಡಕೆ ಚೂರುಗಳನ್ನು ಹತ್ತಿರದಿಂದ ನೋಡಿ. ಒಳಮೈ ಮತ್ತು ಕಂಠ ಕಪ್ಪು, ಹೊರಗೆ ಕೆಳಭಾಗ ಕೆಂಪು ಇದ್ದರೆ ಅದು ಆ ಕಾಲದ ಪ್ರಸಿದ್ಧ ಮಡಕೆ. ಆವಿಗೆಯಲ್ಲಿ ಬೋರಲು ಹಾಕಿ ಸುಡುತ್ತಿದ್ದರು ಅನ್ನುತ್ತಾರೆ. ಗಾಳಿ ಸಿಗದ ಒಳಮೈ ಕಪ್ಪಾಗಿ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ.

ಫೋಟೋಗಳನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಪಾಂಡವರ ಗುಡಿಯ ಕೆಳಗೆ ಚಿನ್ನವಿದೆ ಅನ್ನುವ ಸುದ್ದಿಗೆ ಎರಡು ರಾತ್ರಿ ಸಾಕು, ನಿಧಿಗಳ್ಳರು ಗೋರಿಯನ್ನು ತಲೆಕೆಳಗು ಮಾಡಿ ಹೋಗುತ್ತಾರೆ. ಚಿಕ್ಕಬಳ್ಳಾಪುರದ ಕಡೆ ನಾನೊಂದು ಬಳೆ ನೋಡಿದೆ. ನಡುವೆ ಆಳೆತ್ತರದ ಗುಂಡಿ, ಅಂಚಿನಲ್ಲಿ ಒಡೆದ ಚಪ್ಪಡಿ, ನಿಂಬೆಹಣ್ಣು, ಚೆಲ್ಲಾಪಿಲ್ಲಿಯಾದ ಮೂಳೆ. ಅವರಿಗೂ ಏನೂ ಸಿಕ್ಕಿರಲಿಲ್ಲ, ನಮಗೂ ಏನೂ ಉಳಿದಿರಲಿಲ್ಲ.

ಯಾರಿಗೆ ತಿಳಿಸಬೇಕು? ಜಮೀನು ಹೋಗುತ್ತದೆಯೇ?

ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣದ ವಲಯ ಕಚೇರಿ ಬೆಂಗಳೂರಿನಲ್ಲಿದೆ. ಆದರೆ ಮೊದಲ ಬಾಗಿಲು ನಿಮ್ಮ ತಹಸೀಲ್ದಾರರದು. ಒಂದು ಪುಟದ ಅರ್ಜಿ ಸಾಕು: ಯಾವ ದಿನ, ಯಾರ ಜಮೀನು, ಏನು ಕೆಲಸ ಮಾಡುವಾಗ, ಏನು ಕಂಡಿತು, ಈಗ ಎಲ್ಲಿದೆ. ಜಿಲ್ಲಾಧಿಕಾರಿಗೂ ಇಲಾಖೆಗೂ ಪ್ರತಿ ಕಳಿಸಿ. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಜತೆಗೆ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ, ಪುರಾತತ್ವ ಅಧ್ಯಾಪಕರಿಗೆ ಫೋಟೋ ಕಳಿಸಿ. ಎಷ್ಟೋ ಸಲ ಮೊದಲು ಬಂದು ನೋಡುವವರು ಅವರೇ.

ನೂರು ವರ್ಷಕ್ಕಿಂತ ಹಳೆಯ ಇಂಥ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಪರವಾನಗಿ ಇಲ್ಲದೆ ಇವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೂ ಇಲ್ಲ. ಯಾರಾದರೂ ಕಾರಿನಲ್ಲಿ ಬಂದು “ಕಲ್ಲು ಕೊಡಿ, ಐನೂರು ಕೊಡ್ತೀನಿ” ಅಂದರೆ ಕೊಡಬೇಡಿ.

ಈಗ ಎಲ್ಲರ ಮನಸ್ಸಿನಲ್ಲಿರುವ ಭಯದ ಮಾತು. ತಿಳಿಸಿದ ಮಾತ್ರಕ್ಕೆ ಹೊಲ ಸರ್ಕಾರದ್ದಾಗುವುದಿಲ್ಲ. ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಅನ್ನುವ ನಿಯಮ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳಿಗೆ, ನೆಲೆಗಳಿಗೆ. ಹಾಗೆ ಘೋಷಿಸಬೇಕಾದರೆ ಮೊದಲು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳು ಕೊಡಬೇಕು. ನಮ್ಮ ಸೀಮೆಯ ಹೊಲಗಳಲ್ಲಿರುವ ಕಲ್ಲುಗುಪ್ಪೆಗಳಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿದವು ತೀರಾ ಕಡಿಮೆ. ಈ ಭಯದಿಂದಲೇ ರಾತ್ರೋರಾತ್ರಿ ಗುಪ್ಪೆ ಸಮ ಮಾಡಿಸಿದವರನ್ನು ಕಂಡಿದ್ದೇನೆ, ಅದು ನೋವಿನ ಸಂಗತಿ.

ಅವರು ಬರುವವರೆಗೆ

ವಾರವಾಗಬಹುದು, ತಿಂಗಳುಗಳೂ ಆಗಬಹುದು. ತೆರೆದುಕೊಂಡ ಭಾಗಕ್ಕೆ ಮೊದಲು ಹಳೇ ಗೋಣಿಚೀಲ ಹಾಸಿ, ಅದರ ಮೇಲೆ ಅಲ್ಲಿಂದಲೇ ತೆಗೆದ ಮಣ್ಣು ಮುಚ್ಚಿ. ಚೀಲ ಇದ್ದರೆ ಹೊಸ ಮಣ್ಣು ಯಾವುದು, ಹಳೇ ಮಣ್ಣು ಯಾವುದು ಅಂತ ಮುಂದೆ ಅಗೆಯುವವರಿಗೆ ತಿಳಿಯುತ್ತದೆ. ಮಳೆಗಾಲವಾದರೆ ನೀರು ಆ ಕಡೆ ಹರಿಯದಂತೆ ಸಣ್ಣ ಬದು ಹಾಕಿ. ಬಳೆಯ ಹೊರಗೆ ಎರಡು ಮಾರು ಬಿಟ್ಟು ಸುಣ್ಣದ ಗೆರೆ ಎಳೆದರೆ ಟ್ರ್ಯಾಕ್ಟರಿನವನಿಗೆ ಗುರುತು ಸಿಗುತ್ತದೆ. ಆ ಜಾಗದಲ್ಲಿ ಮಾವು, ಹುಣಸೆ, ನೀಲಗಿರಿ ಯಾವುದನ್ನೂ ನೆಡಬೇಡಿ. ಬೇರು ಚಪ್ಪಡಿಯ ಸಂದಿಗೆ ಇಳಿದು ಪೆಟ್ಟಿಗೆಯನ್ನೇ ಸೀಳುತ್ತದೆ.

ಮಾವನ ಹೊಲದ ಗುಪ್ಪೆಯಲ್ಲಿ ಬಕೆಟ್ಟು ಕೆದರಿದ್ದು ಒಂದು ಅಂಚನ್ನು ಮಾತ್ರ, ಮುಕ್ಕಾಲು ಪಾಲು ಹಾಗೇ ಇದೆ. ಹೊಂಡವನ್ನು ಕೆಳಗಿನ ತಗ್ಗಿಗೆ ಬದಲಾಯಿಸಿದರು. ಕೊಡಲಿಯನ್ನು ಕಾಗದದಲ್ಲಿ ಸುತ್ತಿ, ಅರ್ಜಿಯ ಪ್ರತಿಯ ಜತೆ ಟ್ರಂಕಿನಲ್ಲಿಟ್ಟಿದ್ದಾರೆ. ಈ ವರ್ಷ ಬಳೆಯ ಸುತ್ತ ಎರಡು ಮಾರು ಬಿಟ್ಟು ಹುರುಳಿ ಚೆಲ್ಲಿದ್ದಾರೆ. ಬಿಟ್ಟ ಜಾಗದಲ್ಲಿ ತುಂಬೆ ಗಿಡ ಬೆಳೆದಿದೆ.